ಗಾಜಿನ ಕೊಳವೆ ಸುಳ್ಳು ಹೇಳಿದಾಗ: ಹೊಸ ಬಾಯ್ಲರ್ ಕಾಯ್ದೆ ಮತ್ತು ಹಳೆಯ ಮಟ್ಟಮಾಪಕ

ಬೆಂಗಳೂರು: 1923ರಿಂದ ಜಾರಿಯಲ್ಲಿದ್ದ ಬಾಯ್ಲರ್ ಕಾಯ್ದೆಯ ಸ್ಥಾನಕ್ಕೆ ಸಂಸತ್ತು 2025ರಲ್ಲಿ ಹೊಸ ಕಾಯ್ದೆಯನ್ನು ತಂದಿತು. ಹಳೆಯ ಕಾಯ್ದೆಯಲ್ಲಿದ್ದ ಏಳು ಅಪರಾಧಗಳ ಪೈಕಿ ಪ್ರಾಣಹಾನಿ ಹಾಗೂ ಆಸ್ತಿಹಾನಿಗೆ ಎಡೆಗೊಡುವ ನಾಲ್ಕನ್ನು ಮಾತ್ರ ಕ್ರಿಮಿನಲ್ ಅಪರಾಧಗಳಾಗಿ ಉಳಿಸಿಕೊಂಡು, ಮಿಕ್ಕವಕ್ಕೆ ಹಣದ ದಂಡವಷ್ಟೇ ಸಾಕು ಎಂದಿತು. ಉದ್ಯಮಗಳಿಗೆ ಇದರಿಂದ ಅನುಕೂಲವೆಂದು ಒಂದು ಪಕ್ಷ, ಕಾರ್ಮಿಕರ ಸುರಕ್ಷತೆ ಸಡಿಲಗೊಳ್ಳುತ್ತದೆಂದು ಇನ್ನೊಂದು ಪಕ್ಷ. ಎರಡೂ ವಾದಗಳು ದಂಡ, ಶಿಕ್ಷೆ ಮತ್ತು ತಪಾಸಣಾಧಿಕಾರದ ಸುತ್ತಲೇ ತಿರುಗಿದವು. ಬಾಯ್ಲರಿನ ಮುಂಭಾಗದಲ್ಲಿ ಮೊಳಕೈ ಉದ್ದಕ್ಕೆ ನಿಂತಿರುವ ಒಂದು ಗಾಜಿನ ಕೊಳವೆಯ ಬಗ್ಗೆ ಯಾರೂ ಮಾತನಾಡಲಿಲ್ಲ.

ಅದೇ ಮಟ್ಟಮಾಪಕ. ಕಾರ್ಖಾನೆಯ ಭಾಷೆಯಲ್ಲಿ ಗೇಜ್ ಗ್ಲಾಸ್. ಮುಚ್ಚಿದ ಉಕ್ಕಿನ ಪಾತ್ರೆಯೊಳಗೆ ನೀರು ಎಷ್ಟಿದೆ ಎಂಬುದನ್ನು ಹೊರಗೆ ನಿಂತವನಿಗೆ ತೋರಿಸುವುದು ಅದರ ಕೆಲಸ. ಸಕ್ಕರೆ ಕಾರ್ಖಾನೆಯಿಂದ ಅಕ್ಕಿ ಗಿರಣಿಯವರೆಗೆ, ಔಷಧ ತಯಾರಿಕೆಯಿಂದ ದೊಡ್ಡ ಆಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದವರೆಗೆ ಉಗಿ ಬಳಸುವ ಕಡೆಯಲ್ಲೆಲ್ಲ ಇದು ಇದೆ. ಭಾರತೀಯ ಬಾಯ್ಲರ್ ನಿಯಮಾವಳಿ 1950 ಪ್ರತಿ ಬಾಯ್ಲರಿಗೂ ನೀರಿನ ಮಟ್ಟ ತೋರಿಸುವ ಎರಡು ಸಾಧನಗಳಿರಬೇಕು ಎನ್ನುತ್ತದೆ. ಒಂದನ್ನು ನಂಬಿ ಕೂರಬಾರದು ಎಂಬ ವಿವೇಕ ಆ ‘ಎರಡು’ ಎಂಬ ಪದದಲ್ಲಿದೆ.

ಮಟ್ಟಕ್ಕೆ ಇಷ್ಟೊಂದು ಮಹತ್ವವೇಕೆ? ಬೆಂಕಿಯ ಬಿಸಿಗೆ ಮೈಯೊಡ್ಡಿದ ಉಕ್ಕಿನ ಕೊಳವೆಗಳನ್ನು ಕಾಪಾಡುವುದು ಅವುಗಳನ್ನು ಮುಳುಗಿಸಿಟ್ಟ ನೀರು. ನೀರು ಇಳಿದು ಕೊಳವೆ ಬರಿದಾದರೆ ಕೆಲವೇ ನಿಮಿಷಗಳಲ್ಲಿ ಲೋಹ ಕೆಂಪಗಾಗಿ ಮೆತ್ತಗಾಗುತ್ತದೆ, ಒಳಗಿನ ಒತ್ತಡಕ್ಕೆ ಬಾತು ಸೀಳುತ್ತದೆ. ಗಾಬರಿಯಲ್ಲಿ ಆ ಕ್ಷಣಕ್ಕೆ ತಣ್ಣೀರು ಹಾಯಿಸಿದರೆ ಅನಾಹುತ ಇನ್ನೂ ದೊಡ್ಡದು. ನೀರು ಮಿತಿಮೀರಿದರೂ ಕ್ಷೇಮವಿಲ್ಲ: ಉಗಿಯೊಡನೆ ನೀರು ಹೊರಟು ಪೈಪುಗಳನ್ನು ಸುತ್ತಿಗೆಯಂತೆ ಬಡಿಯುತ್ತದೆ.

ತಪ್ಪುವುದು ಯಾವ ಕಡೆಗೆ?

ಮಟ್ಟಮಾಪಕದ ತತ್ತ್ವ ಶಾಲಾ ಬಾಲಕನಿಗೂ ಗೊತ್ತಿರುವಂಥದು. ಒಂದಕ್ಕೊಂದು ಸೇರಿದ ಎರಡು ಪಾತ್ರೆಗಳಲ್ಲಿ ದ್ರವ ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಗಾಜಿನ ಮೇಲ್ತುದಿ ಬಾಯ್ಲರಿನ ಉಗಿಯ ಭಾಗಕ್ಕೂ ಕೆಳತುದಿ ನೀರಿನ ಭಾಗಕ್ಕೂ ಸೇರಿರುತ್ತವೆ. ಎರಡೂ ದಾರಿ ತೆರೆದಿರುವವರೆಗೆ ಗಾಜು ಸತ್ಯ ನುಡಿಯುತ್ತದೆ.

ದಾರಿ ಕಟ್ಟಿಕೊಂಡರೆ? ನೀರಿನಲ್ಲಿನ ಲವಣ, ಕೆಸರು, ತುಕ್ಕು ಸೇರಿ ಕೆಳಗಿನ ಕಿರುದಾರಿಯನ್ನು ಮುಚ್ಚಿತೆನ್ನೋಣ. ಮೇಲಿನಿಂದ ಬಂದ ಉಗಿ ಗಾಜಿನೊಳಗೆ ತಣಿದು ಹನಿಯಾಗಿ ಇಳಿಯುತ್ತದೆ, ಹೊರಹೋಗಲು ದಾರಿಯಿಲ್ಲದೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಬಾಯ್ಲರಿನೊಳಗೆ ನೀರು ಇಳಿಯುತ್ತಿರುವಾಗ ಗಾಜಿನಲ್ಲಿ ಏರುತ್ತಿರುತ್ತದೆ. ಕೆಳಗಿನದರ ಬದಲು ಮೇಲಿನ ದಾರಿ ಕಟ್ಟಿದರೆ ಮೇಲ್ಭಾಗದಲ್ಲಿ ಸಿಲುಕಿದ ಉಗಿ ತಣಿದು ಒತ್ತಡ ಕುಸಿಯುತ್ತದೆ, ಕೆಳಗಿನ ನೀರು ಆ ಜಾಗಕ್ಕೆ ನುಗ್ಗುತ್ತದೆ. ಆಗಲೂ ಗಾಜು ತುಂಬಿದಂತೆ ಕಾಣುತ್ತದೆ.

ಗಮನಿಸಬೇಕಾದದ್ದು ಇದನ್ನೇ. ಕೆಟ್ಟಿರುವುದು ಮೇಲಿನ ದಾರಿಯಾಗಲಿ ಕೆಳಗಿನದಾಗಲಿ, ಗಾಜು ತಪ್ಪುವುದು ಒಂದೇ ದಿಕ್ಕಿಗೆ: ‘ನೀರು ಬೇಕಾದಷ್ಟಿದೆ, ಚಿಂತೆ ಬೇಡ’ ಎಂಬ ಕಡೆಗೆ. ಕೆಟ್ಟ ಗಡಿಯಾರ ನಿಂತುಹೋಗಿ ತನ್ನ ದೋಷವನ್ನು ತಾನೇ ಸಾರುತ್ತದೆ. ಕೆಟ್ಟ ಮಟ್ಟಮಾಪಕ ಸಮಾಧಾನ ಹೇಳುತ್ತದೆ. (ಅತ್ಯಧಿಕ ಒತ್ತಡದ ವಿದ್ಯುತ್ ಸ್ಥಾವರಗಳಲ್ಲಿ ಇದಕ್ಕೆ ವ್ಯತಿರಿಕ್ತವಾದ ಸಣ್ಣ ದೋಷವೊಂದುಂಟು. ಗಾಜಿನ ನೀರು ಡ್ರಮ್ಮಿನ ನೀರಿಗಿಂತ ತಣ್ಣಗಿದ್ದು ಹೆಚ್ಚು ಸಾಂದ್ರವಾಗಿರುವುದರಿಂದ ಅಲ್ಲಿ ಮಟ್ಟ ವಾಸ್ತವಕ್ಕಿಂತ ಕಡಿಮೆ ಕಾಣುತ್ತದೆ. ಆದರೆ ಅದು ಲೆಕ್ಕಹಾಕಿ ಸರಿಪಡಿಸಬಹುದಾದ ದೋಷ.)

ಆದ್ದರಿಂದಲೇ ಪ್ರತಿ ಪಾಳಿಯಲ್ಲೂ ಗಾಜನ್ನು ‘ಊದಿ’ ಪರೀಕ್ಷಿಸುವ ರೂಢಿ ಹುಟ್ಟಿತು. ಕೆಳಗಿನ ಬಸಿಗೊಳವೆಯನ್ನು ತೆರೆದು, ನೀರಿನ ದಾರಿ ಮುಚ್ಚಿ ಉಗಿಯನ್ನಷ್ಟೇ ಹಾಯಿಸುವುದು. ಬಳಿಕ ಉಗಿಯ ದಾರಿ ಮುಚ್ಚಿ ನೀರನ್ನಷ್ಟೇ ಹಾಯಿಸುವುದು. ಕೊನೆಗೆ ಎರಡನ್ನೂ ತೆರೆದು ಬಸಿಗೊಳವೆಯನ್ನು ಮುಚ್ಚಿದಾಗ ನೀರು ಚಿಮ್ಮಿಕೊಂಡು ತನ್ನ ಮಟ್ಟಕ್ಕೆ ಮರಳಬೇಕು. ತೆವಳುತ್ತ ಏರಿದರೆ ಎಲ್ಲೋ ದಾರಿ ಕಟ್ಟತೊಡಗಿದೆ ಎಂದರ್ಥ. ಇಷ್ಟಕ್ಕೆ ಬೇಕಾದದ್ದು ಕೆಲವು ನಿಮಿಷ, ಒಂದು ಜೊತೆ ಕೈಗವಸು ಮತ್ತು ಮರಳಿದ ವೇಗವನ್ನು ನೋಡುವ ಒಂದು ಜೊತೆ ಕಣ್ಣು.

ಟೆಕ್ಸಾಸ್ ಸಿಟಿಯಲ್ಲಿ ನಡೆದದ್ದು

ಗಾಜಿನ ಕಾಲ ಮುಗಿಯಿತು, ಈಗ ಎಲ್ಲವೂ ಕಂಪ್ಯೂಟರ್ ಪರದೆಯ ಮೇಲಿದೆ ಎನ್ನುವವರಿದ್ದಾರೆ. ಅವರು ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿದ್ದ ಬಿಪಿ ಕಂಪನಿಯ ತೈಲ ಸಂಸ್ಕರಣಾಗಾರದಲ್ಲಿ 2005ರ ಮಾರ್ಚ್ 23ರಂದು ನಡೆದ ದುರಂತದ ತನಿಖಾ ವರದಿಯನ್ನು ಓದಬೇಕು. ಅಲ್ಲಿನ ಕೇಂದ್ರ ಸರ್ಕಾರದ ರಾಸಾಯನಿಕ ಸುರಕ್ಷತಾ ಮಂಡಳಿ 2007ರಲ್ಲಿ ಪ್ರಕಟಿಸಿದ ಆ ವರದಿ ಇಂದಿಗೂ ಎಂಜಿನಿಯರುಗಳ ಪಾಠವಾಗಿದೆ.

170 ಅಡಿ ಎತ್ತರದ ಒಂದು ಗೋಪುರ. ದುರಸ್ತಿಯ ನಂತರ ಅದನ್ನು ಮತ್ತೆ ಚಾಲೂ ಮಾಡುವ ಕೆಲಸ ಹಿಂದಿನ ರಾತ್ರಿ ಪಾಳಿಯಿಂದ ನಡೆದಿತ್ತು. ಗೋಪುರದಲ್ಲಿದ್ದ ಮಟ್ಟಮಾಪಕ ಅಳೆಯಬಲ್ಲದ್ದು ತಳದ ಒಂಬತ್ತು ಅಡಿಯವರೆಗೆ ಮಾತ್ರ. ಹೊರಹೋಗುವ ದಾರಿ ಮುಚ್ಚಿದ್ದಾಗಲೇ ಗಂಟೆಗಟ್ಟಲೆ ದ್ರವವನ್ನು ಒಳಗೆ ಪಂಪು ಮಾಡಲಾಯಿತು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಗೋಪುರದೊಳಗೆ ಸುಮಾರು 158 ಅಡಿ ದ್ರವವಿತ್ತು. ನಿಯಂತ್ರಣ ಕೊಠಡಿಯ ಪರದೆ ತೋರಿಸುತ್ತಿದ್ದುದು ಎಂಟು ಅಡಿಗಿಂತ ಕಡಿಮೆ. ಅಷ್ಟೇ ಅಲ್ಲ, ಇನ್ನೂ ಇಳಿಯುತ್ತಿದೆ ಎಂದೂ ಅದು ತೋರಿಸುತ್ತಿತ್ತು.

ಹೇಗೆ ಸಾಧ್ಯ? ಅಲ್ಲಿದ್ದದ್ದು ದ್ರವದಲ್ಲಿ ಇಳಿಬಿಟ್ಟ ತೂಕವನ್ನು ದ್ರವ ಎಷ್ಟು ಮೇಲೆತ್ತುತ್ತದೆ ಎಂಬುದರಿಂದ ಮಟ್ಟವನ್ನು ಲೆಕ್ಕ ಹಾಕುವ ಸಾಧನ. ತೂಕ ಪೂರ್ತಿ ಮುಳುಗಿದ ಮೇಲೆ ಮೇಲೆ ಎಷ್ಟು ದ್ರವವಿದೆ ಎಂಬುದು ಅದಕ್ಕೆ ತಿಳಿಯದು. ಆಗ ಅದು ಅಳೆಯುವುದು ದ್ರವದ ಸಾಂದ್ರತೆಯನ್ನು ಮಾತ್ರ. ಕುಲುಮೆಯ ಬಿಸಿಗೆ ದ್ರವ ಹಗುರವಾಗುತ್ತ ಹೋಯಿತು, ಮೇಲೆತ್ತುವ ಬಲ ತಗ್ಗಿತು, ಸಾಧನ ಅದನ್ನು ‘ಮಟ್ಟ ಇಳಿಯುತ್ತಿದೆ’ ಎಂದು ಓದಿತು. ಅದರ ಅಳತೆಯನ್ನು ಹೊಂದಿಸಲು ಬಳಸಿದ್ದ ದಾಖಲೆಯೋ 1975ರದು. ಗೋಪುರವನ್ನು ಬೇರೊಂದು ದ್ರವಕ್ಕೆ ಬಳಸುತ್ತಿದ್ದ ಕಾಲದ್ದು.

ಮಟ್ಟ ಮೀರಿದಾಗ ಕೂಗಬೇಕಿದ್ದ ಎರಡನೆಯ ಎಚ್ಚರಿಕೆ ಗಂಟೆ ಕೂಗಲಿಲ್ಲ. ಇನ್ನುಳಿದದ್ದು ಗೋಪುರದ ಬುಡದಲ್ಲಿದ್ದ ಗಾಜಿನ ಮಾಪಕ. ಅದು ಕೊಳೆ ತುಂಬಿ ಓದಲಾಗದ ಸ್ಥಿತಿಯಲ್ಲಿತ್ತು. ಒರಟು ಗಾಜೊಂದು ಸ್ವಚ್ಛವಾಗಿದ್ದಿದ್ದರೆ ಅದು 158 ಅಡಿಯನ್ನು ತೋರಿಸುತ್ತಿರಲಿಲ್ಲ, ನಿಜ. ಆದರೆ ತಳದ ಭಾಗ ತುಂಬಿ ಮೀರಿದೆ, ಪರದೆಯ ಮಾತು ಸುಳ್ಳು ಎಂಬಷ್ಟನ್ನು ಖಂಡಿತ ತೋರಿಸುತ್ತಿತ್ತು.

ಗೋಪುರ ತುಂಬಿ ಉಕ್ಕಿತು. ಒತ್ತಡ ನಿವಾರಕ ಕವಾಟಗಳು ತೆರೆದವು. ಸುಡುವ ದ್ರವ ಬಯಲಿಗೆ ತೆರೆದುಕೊಂಡಿದ್ದ ಹಳೆಯ ಚಿಮಣಿಯಿಂದ ಕಾರಂಜಿಯಂತೆ ಹೊರಚಿಮ್ಮಿತು. 1 ಗಂಟೆ 20 ನಿಮಿಷಕ್ಕೆ ಸ್ಫೋಟ. 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. ಸತ್ತವರೆಲ್ಲರೂ ಗುತ್ತಿಗೆ ಕೆಲಸದವರು, ಸಮೀಪದ ತಾತ್ಕಾಲಿಕ ಕೊಠಡಿಗಳಲ್ಲಿ ಅಥವಾ ಅವುಗಳ ಆಸುಪಾಸಿನಲ್ಲಿದ್ದವರು. ಆ ಗೋಪುರಕ್ಕೂ ಅವರ ಕೆಲಸಕ್ಕೂ ಸಂಬಂಧವೇ ಇರಲಿಲ್ಲ.

ವರದಿಯಲ್ಲಿ ಎಲ್ಲಕ್ಕಿಂತ ಚುಚ್ಚುವ ಸಂಗತಿ ಸ್ಫೋಟದ್ದಲ್ಲ, ಅದರ ಮುಂಚಿನದು. ಚಾಲೂ ಮಾಡುವ ಮೊದಲು ಮಾಪಕಗಳನ್ನೂ ಎಚ್ಚರಿಕೆ ಗಂಟೆಗಳನ್ನೂ ಪರೀಕ್ಷಿಸಬೇಕಿತ್ತು. ಸಮಯವಿಲ್ಲವೆಂದು ಪರೀಕ್ಷೆಯನ್ನು ನಿಲ್ಲಿಸಲಾಯಿತು. ಕಾಗದದ ಮೇಲೆ ಮಾತ್ರ ಪರೀಕ್ಷೆ ಮುಗಿದಿದೆ ಎಂಬ ಸಹಿ ಬಿತ್ತು.

ಅದೇ ವರ್ಷದ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲ ಡಿಪೋದಲ್ಲಿ ಪೆಟ್ರೋಲ್ ಟ್ಯಾಂಕೊಂದು ಉಕ್ಕಿ ಹೊತ್ತಿಕೊಂಡಿತು. ಅದು ಒತ್ತಡದ ಪಾತ್ರೆಯಲ್ಲ, ಸಾಮಾನ್ಯ ಸಂಗ್ರಹ ಟ್ಯಾಂಕು. ರೋಗ ಮಾತ್ರ ಒಂದೇ. ದುರಸ್ತಿಯಾಗಿ ಬಂದ ಆಗಸ್ಟ್ ಕೊನೆಯಿಂದ ಅಲ್ಲಿಯವರೆಗೆ ಅದರ ಮಾಪಕ 14 ಬಾರಿ ಸಿಕ್ಕಿಹಾಕಿಕೊಂಡಿತ್ತು. ಪ್ರತಿಸಲವೂ ಹೇಗೋ ಬಿಡಿಸಿ ಕೆಲಸ ಮುಂದುವರಿಸಿದ್ದರು.

ಜೋಡಿಸುವಾಗಲೇ ಬಿತ್ತುವ ತಪ್ಪುಗಳು

ಮಟ್ಟಮಾಪಕ ಹಾಳಾಗುವುದು ಬಳಕೆಯಿಂದ ಮಾತ್ರವಲ್ಲ. ಜೋಡಿಸಿದ ದಿನವೇ ಅದರ ಹಣೆಬರಹ ಅರ್ಧ ನಿರ್ಧಾರವಾಗಿರುತ್ತದೆ. ಪಾತ್ರೆಯ ಮೇಲಿನ ಹಾಗೂ ಕೆಳಗಿನ ಕೊಳವೆ ಬಾಯಿಗಳು ಒಂದೇ ನೇರಕ್ಕೆ ಇಲ್ಲದಿದ್ದರೆ ಫಿಟ್ಟರ್ ಬೋಲ್ಟು ಎಳೆದು ಬಿಗಿದು ಕೂರಿಸುತ್ತಾನೆ. ಆ ಎಳೆತವನ್ನು ಹೊರುವುದು ಗಾಜು. ಬಿಸಿ ತಾಗಿದ ದಿನ ಸೀಳುತ್ತದೆ. ಗಾಜನ್ನು ಹಿಡಿದಿಡುವ ಚೌಕಟ್ಟಿನ ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ ಎರಡೂ ತುದಿಗಳತ್ತ ಸರದಿಯಲ್ಲಿ, ಅಳತೆಯ ಬಲದಿಂದ ಬಿಗಿಯಬೇಕು. ಒಮ್ಮೆ ಕಳಚಿದ ಗಾಜನ್ನೂ ಗ್ಯಾಸ್ಕೆಟ್ಟನ್ನೂ ಮತ್ತೆ ಬಳಸಬಾರದು ಎಂಬುದು ತಯಾರಕರ ಸ್ಪಷ್ಟ ಸೂಚನೆ. ನಮ್ಮ ಮಿತವ್ಯಯದ ಬುದ್ಧಿಗೆ ಇದು ಒಗ್ಗುವುದಿಲ್ಲ.

ಗಾಜಿನ ಎರಡೂ ತುದಿಗಳ ಕವಾಟದೊಳಗೆ ಒಂದು ಪುಟ್ಟ ಉಕ್ಕಿನ ಗುಂಡು ಇರುವುದುಂಟು. ಗಾಜು ಒಡೆದರೆ ಹೊರನುಗ್ಗುವ ರಭಸಕ್ಕೆ ಅದು ಉರುಳಿ ದಾರಿ ಮುಚ್ಚಿ ಎದುರು ನಿಂತವನನ್ನು ಕಾಪಾಡಬೇಕು. ಕವಾಟವನ್ನು ಪೂರ್ತಿ ತೆರೆದಿದ್ದರೆ ಮಾತ್ರ ಅದು ಮುಚ್ಚೀತು. ಅರ್ಧ ತೆರೆದಿಟ್ಟರೆ ಕವಾಟದ ಮೊನೆಯೇ ಗುಂಡನ್ನು ತಡೆಯುತ್ತದೆ. ಹಾಗೆಂದು ಒಮ್ಮೆಗೇ ತಿರುಗಿಸಿ ತೆರೆದರೆ ಆ ರಭಸಕ್ಕೇ ಗುಂಡು ಹೋಗಿ ಕೂತು, ಒಡೆಯದ ಗಾಜಿನ ದಾರಿಯನ್ನು ಮುಚ್ಚಿಬಿಡುತ್ತದೆ. ಮೇಲೆ ಹೇಳಿದ ಸುಳ್ಳು ಮಟ್ಟ ಅಲ್ಲಿಂದಲೇ ಶುರು. ನಿಧಾನವಾಗಿ ತೆರೆ, ಪೂರ್ತಿ ತೆರೆ. ಇದನ್ನು ಹೇಳಿಕೊಡಲು ಒಬ್ಬ ಹಿರಿಯ ಬೇಕು. ಪಾಳಿಯ ಹುಡುಗ ಮೂರು ತಿಂಗಳಿಗೊಮ್ಮೆ ಬದಲಾಗುವ ಕಡೆ ಆ ಹಿರಿಯ ಎಲ್ಲಿಂದ ಬರಬೇಕು?

ಹಳೆಯ ಗಾಜಿನ ಬದಲು ಕೆಂಪು–ಬಿಳಿ ಹಾಳೆಗಳು ಮಗುಚಿಕೊಳ್ಳುವ ಅಯಸ್ಕಾಂತ ಮಾಪಕಗಳು ಈಗ ಹೆಚ್ಚು ಕಾಣಸಿಗುತ್ತವೆ. ಒಡೆಯುವ ಭಯವಿಲ್ಲ, ದೂರದಿಂದಲೂ ಓದಬಹುದು. ಆದರೆ ಒಳಗೆ ತೇಲುವ ಅಯಸ್ಕಾಂತಕ್ಕೆ ಪೈಪಿನ ತುಕ್ಕುಪುಡಿ ಅಂಟಿಕೊಂಡು ತೇಲುಬುರುಡೆ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಆಗ ನಿನ್ನೆಯ ಮಟ್ಟವೇ ಇಂದಿನದೂ ಆಗುತ್ತದೆ. ತೇಲುಬುರುಡೆಯನ್ನು ಒಂದು ನಿರ್ದಿಷ್ಟ ಸಾಂದ್ರತೆಯ ದ್ರವಕ್ಕೆಂದೇ ಮಾಡಿರುತ್ತಾರೆ. ಪಾತ್ರೆಯ ದ್ರವ ಬದಲಾಗಿ ಬುರುಡೆ ಬದಲಾಗದಿದ್ದರೆ ಟೆಕ್ಸಾಸ್ ಸಿಟಿಯ 1975ರ ದಾಖಲೆಯ ಕಥೆಯೇ.

ಕಾಯ್ದೆ ತಲುಪದ ಜಾಗ

ಭಾರತದಲ್ಲಿ ಬಾಯ್ಲರ್ ಕಾನೂನು ಹುಟ್ಟಿದ್ದೇ ಒಂದು ಸ್ಫೋಟದಿಂದ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ ಮರುವರ್ಷ ಬಂಗಾಳ ಪ್ರಾಂತ್ಯ ತಪಾಸಣೆಯ ಶಾಸನ ಮಾಡಿತು. ಅಲ್ಲಿಂದ ಇಲ್ಲಿಯವರೆಗೆ ಕಾನೂನಿನ ಕಣ್ಣು ಮುಖ್ಯವಾಗಿ ಪಾತ್ರೆಯ ಗಟ್ಟಿತನದ ಮೇಲಿದೆ: ಉಕ್ಕಿನ ದಪ್ಪ, ಬೆಸುಗೆಯ ಗುಣ, ನೀರು ತುಂಬಿ ಒತ್ತಡ ಹೇರುವ ಪರೀಕ್ಷೆ. 2007ರ ತಿದ್ದುಪಡಿಯಿಂದ ಖಾಸಗಿ ತಪಾಸಕರಿಗೂ ಅವಕಾಶ ದೊರೆಯಿತು, ಹೊಸ ಕಾಯ್ದೆಯಲ್ಲೂ ಅದು ಮುಂದುವರಿದಿದೆ. ಅನಿಲ ಸಂಗ್ರಹದಂಥ, ಬೆಂಕಿ ತಾಗದ ಒತ್ತಡ ಪಾತ್ರೆಗಳಿಗೆ 2016ರ ಪ್ರತ್ಯೇಕ ನಿಯಮಗಳಿವೆ. ಕರ್ನಾಟಕದಲ್ಲಿ ಬಾಯ್ಲರುಗಳ ಹೊಣೆ ಹೊತ್ತಿರುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ.

ಇದರಲ್ಲಿ ಯಾವುದನ್ನೂ ಹಗುರವಾಗಿ ಕಾಣುವಂತಿಲ್ಲ. ಪಾತ್ರೆಯ ದಪ್ಪ ವರ್ಷಕ್ಕೊಮ್ಮೆ ನೋಡಿದರೂ ಸಾಕು, ಅದು ಒಂದೇ ರಾತ್ರಿಯಲ್ಲಿ ಕರಗುವುದಿಲ್ಲ. ಮಟ್ಟಮಾಪಕದ ದಾರಿಯಾದರೋ ತಪಾಸಕ ಗೇಟು ದಾಟಿದ ವಾರದಲ್ಲೇ ಕಟ್ಟಬಹುದು. ಅದರ ಸತ್ಯ ವಾರ್ಷಿಕವಲ್ಲ, ಪಾಳಿಯ ಲೆಕ್ಕದ್ದು. ದಂಡ ಎಷ್ಟು, ಜೈಲು ಬೇಕೇ ಬೇಡವೇ ಎಂಬ ಚರ್ಚೆ ಈ ಜಾಗವನ್ನು ಮುಟ್ಟುವುದೇ ಇಲ್ಲ.

ಹಾಗಿದ್ದರೆ ಪಾಳಿಯ ಪುಸ್ತಕವಿದೆಯಲ್ಲ ಎನ್ನಬಹುದು. ಉತ್ತರ ಕರ್ನಾಟಕದ ಒಂದು ಘಟಕದಲ್ಲಿ ಈ ವರದಿಗಾರ ಅಂಥ ಪುಸ್ತಕವನ್ನು ತಿರುವಿ ನೋಡಿದ್ದುಂಟು. ‘ಗೇಜ್ ಗ್ಲಾಸ್ ಊದಲಾಗಿದೆ — ಸರಿ ಇದೆ’ ಎಂಬ ಸಾಲು ಪ್ರತಿ ಪಾಳಿಗೂ ಒಂದರಂತೆ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ಪುಟದ ಕೊನೆಯವರೆಗೆ ಸಾಗಿತ್ತು. ಪುಟದ ಕೊನೆಯ ದಿನಾಂಕ ಮರುದಿನದ್ದು. ಬಾಯ್ಲರ್ ಚಾಲಕ ಕೆಟ್ಟವನಲ್ಲ. ಅವನಿಗೆ ಸೌದೆ ಹಾಕಿಸುವುದು, ಬೂದಿ ತೆಗೆಸುವುದು, ಪಂಪು ನೋಡುವುದು, ಮೇಲಿನವರ ಫೋನು ಎತ್ತುವುದು ಎಲ್ಲವೂ ಒಬ್ಬನ ತಲೆಗೆ ಬಿದ್ದಿತ್ತು. ಊದಿದಾಗ ಉಗಿ ಪೋಲಾಗುತ್ತದೆ ಎಂಬ ಗೊಣಗಾಟವನ್ನೂ ಅವನು ಕೇಳಬೇಕಿತ್ತು.

ಕೇಳಿಕೊಂಡಾಗ ಅವನು ಮರುಮಾತಿಲ್ಲದೆ ಕೈಗವಸು ಹಾಕಿ ಬಸಿಗೊಳವೆ ತೆರೆದ. ಉಗಿ ಬಂತು. ನೀರು ಬಂತು, ಕಂದು ಬಣ್ಣದ್ದು. ಮುಚ್ಚಿದ ಮೇಲೆ ಗಾಜಿನಲ್ಲಿ ನೀರು ಚಿಮ್ಮಲಿಲ್ಲ, ಏರಲು ಅರ್ಧ ನಿಮಿಷದಷ್ಟು ತೆಗೆದುಕೊಂಡಿತು. ಅವನು ಮತ್ತೆ ಊದಿದ, ಮತ್ತೊಮ್ಮೆ ಊದಿದ. ನಾಲ್ಕನೆಯ ಸಲಕ್ಕೆ ನೀರು ತಟ್ಟನೆ ಮೇಲೆದ್ದಿತು. ಮೊದಲು ಕಂಡದ್ದಕ್ಕಿಂತ ಎರಡು ಬೆರಳು ಕೆಳಗೆ ನಿಂತಿತು.

1950ರ ನಿಯಮಾವಳಿಯ ಸ್ಥಾನಕ್ಕೆ ಹೊಸ ಕಾಯ್ದೆಯಡಿ ಹೊಸ ನಿಯಮಗಳನ್ನು ಬರೆಯುವವರು ಆ ಸಾಲಿನಲ್ಲಿ ‘ಸರಿ ಇದೆ’ ಎಂಬುದರ ಬದಲು ಎರಡು ಅಂಕಿಗಳನ್ನು ಕೇಳಬಹುದು: ಊದುವ ಮುನ್ನ ಮಟ್ಟವೆಷ್ಟು, ಊದಿದ ಬಳಿಕ ಎಷ್ಟು. ಮುಂಚಿತವಾಗಿ ಬರೆದಿಡುವುದು ಆಗ ಕೊಂಚ ಕಷ್ಟವಾದೀತು.