ತುಘಲಕ್‌ನ ಸುತ್ತಲಿನ ಸಜ್ಜನರು

ಆಡಳಿತ ಎಲ್ಲೇ ಹದಗೆಟ್ಟರೂ ‘ತುಘಲಕ್ ದರ್ಬಾರ್’ ಎಂದು ಬರೆದು ಕೈತೊಳೆದುಕೊಳ್ಳುವುದು ನಮ್ಮ ಪತ್ರಿಕೆಗಳ ರೂಢಿ. ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕವನ್ನೂ ಹಲವರು ಹೀಗೆಯೇ ಓದುತ್ತಾರೆ: ತಪ್ಪೆಲ್ಲ ಸುಲ್ತಾನನದು, ಮಿಕ್ಕಿದ್ದು ಕುತಂತ್ರಿ ನಜೀಬನದು. ಅಂಜನಾಪುರದಿಂದ ಜೆ.ಪಿ. ನಗರದ ರಂಗಶಂಕರಕ್ಕೆ ನಾಟಕ ನೋಡಲು ಹೋಗಿಬರುವ ನಾವು ಇದನ್ನು ಒಪ್ಪುವುದಿಲ್ಲ. ಅಲ್ಲಿದ್ದ ಒಳ್ಳೆಯವರ ಲೆಕ್ಕ ಕೇಳುವವರು ಯಾರು?

ಶೇಖ್ ಇಮಾಮುದ್ದೀನ್ ಸುಲ್ತಾನನನ್ನು ಬಹಿರಂಗವಾಗಿ ಖಂಡಿಸಿದ ಧೀರರು. ಆದರೆ ಮುಸ್ಲಿಮರ ರಕ್ತ ಹರಿಯದಿರಲೆಂದು ಅದೇ ಸುಲ್ತಾನನ ಪರವಾಗಿ, ದಂಗೆಯೆದ್ದ ಐನ್-ಉಲ್-ಮುಲ್ಕ್‌ನ ಬಳಿ ಸಂಧಾನಕ್ಕೆ ಹೊರಡುತ್ತಾರೆ. ಅವನು ತೊಡಿಸಿದ ರಾಜವಸ್ತ್ರದಲ್ಲೇ ಬಾಣಗಳಿಗೆ ಬಲಿಯಾಗುತ್ತಾರೆ. ಕದನವೇನೂ ನಿಲ್ಲಲಿಲ್ಲ. ಸುಲ್ತಾನನಿಗೆ ಒಬ್ಬ ವಿರೋಧಿ ಕಡಿಮೆಯಾದ, ಅಷ್ಟೇ.

ಮಲತಾಯಿಯದು ಇನ್ನೂ ಘೋರ. ಮಗನನ್ನು ಉಳಿಸಿಕೊಳ್ಳಲು ನಜೀಬನಿಗೆ ವಿಷ ಹಾಕಿಸುತ್ತಾಳೆ. ಮಗ ಅವಳನ್ನೇ ಕಲ್ಲೆಸೆದು ಕೊಲ್ಲುವಂತೆ ಆಜ್ಞೆ ಮಾಡುತ್ತಾನೆ. ಒಳಿತಿಗಾಗಿ ಕೊಲ್ಲಬಹುದೆಂಬ ಪಾಠವನ್ನು ಅವಳು ಕಲಿತದ್ದಾದರೂ ಅವನಿಂದಲೇ ಅಲ್ಲವೆ?

ನಮಗೆ ಹೆಚ್ಚು ಸಿಟ್ಟು ಇತಿಹಾಸಕಾರ ಬರನಿಯ ಮೇಲೆ. ಸುಲ್ತಾನನ ಕೈಬಿಡುವುದಿಲ್ಲವೆಂದು ಮಲತಾಯಿಗೆ ಮಾತು ಕೊಟ್ಟವನು ಮರುಗುತ್ತಾನೆ, ಅಂಗಲಾಚುತ್ತಾನೆ. ಕೊನೆಗೆ ತಾಯಿ ತೀರಿಕೊಂಡಳೆಂದು ಹೇಳಿ ಹೊರಟುಬಿಡುತ್ತಾನೆ. ಚರಿತ್ರೆಯ ಜಿಯಾಉದ್ದೀನ್ ಬರನಿಯೂ 17 ವರ್ಷ ಆ ದರ್ಬಾರಿನಲ್ಲಿದ್ದವನೇ. ಭಯದಿಂದಲೂ ಲೋಭದಿಂದಲೂ ಸುಲ್ತಾನನೆದುರು ಸತ್ಯ ನುಡಿಯಲಿಲ್ಲವೆಂದು ತನ್ನ ‘ತಾರೀಖ್-ಎ-ಫೀರೋಜ್‌ಶಾಹಿ’ಯಲ್ಲಿ ಒಪ್ಪಿಕೊಂಡಿದ್ದಾನೆ. ಅದು ಮುಗಿದದ್ದು 1357ರಲ್ಲಿ. ಸುಲ್ತಾನ ಸತ್ತು ಆಗಲೇ ಆರು ವರ್ಷವಾಗಿತ್ತು.