ಎರಡನೆಯ ಗೋಲ್‌ಕೀಪರ್

ಕಾಲ್ಚೆಂಡಿನ ತಂಡದಲ್ಲಿ ಹನ್ನೊಂದು ಮಂದಿ ಕಣಕ್ಕಿಳಿಯುತ್ತಾರೆ. ಎಡಬದಿಯಲ್ಲಿ ಸ್ಥಾನ ಸಿಗದವನು ಬಲಬದಿಗೆ ಸರಿಯಬಹುದು; ಮುಂಚೂಣಿಯಲ್ಲಿ ಆಡುವವನು ಅಗತ್ಯ ಬಿದ್ದರೆ ನಡುವಿಗೆ ಬರಬಹುದು; ಪಂದ್ಯದ ಕೊನೆಯ ಇಪ್ಪತ್ತು ನಿಮಿಷಗಳಿಗೆ ದಣಿದವನ ಬದಲು ಹೊಸಬನನ್ನು ಇಳಿಸುವುದು ವಾಡಿಕೆಯೇ ಆಗಿದೆ. ಗೋಲ್‌ಕೀಪರನಿಗೆ ಈ ಯಾವ ಅನುಕೂಲವೂ ಇಲ್ಲ. ಅವನಿಗಿರುವುದು ಒಂದೇ ಜಾಗ. ಅಲ್ಲಿ ಇನ್ನೊಬ್ಬನು ನೆಲೆಯೂರಿದರೆ, ಆತ ಗಾಯಗೊಳ್ಳುವ ತನಕ ಅಥವಾ ಎಡವುವ ತನಕ ಕಾಯುವುದೇ ಎರಡನೆಯವನ ಪಾಲಿಗೆ ಬರುತ್ತದೆ. ಈ ಕಾಯುವಿಕೆ ಪರದೇಶದಲ್ಲಾದರೆ ಅದರ ಭಾರ ಇಮ್ಮಡಿಸುತ್ತದೆ. ಸ್ಪೇನಿನ ಗೋಲ್‌ಕೀಪರ್ ಡ್ಯಾನಿ ಮಾಲ್ಯೊ ಅವರ ವೃತ್ತಿಜೀವನ ಇದಕ್ಕೆ ಉತ್ತಮ ನಿದರ್ಶನ. ಅದರ ಒಂದು ಅಧ್ಯಾಯಕ್ಕೆ ಕೇರಳವೇ ಸಾಕ್ಷಿಯಾಗಿದೆ.

2016ರ ಡಿಸೆಂಬರ್ 18ರಂದು ಕೊಚ್ಚಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ನಡೆಯಿತು. ಒಂದೆಡೆ ಕೇರಳ ಬ್ಲಾಸ್ಟರ್ಸ್, ಇನ್ನೊಂದೆಡೆ ಅಟ್ಲೆಟಿಕೊ ಡಿ ಕೋಲ್ಕತ. ಕಾಸರಗೋಡು ಜಿಲ್ಲೆಯ ತೃಕ್ಕರಿಪುರದ ಮುಹಮ್ಮದ್ ರಾಫಿ 37ನೆಯ ನಿಮಿಷದಲ್ಲಿ ತಲೆಯಿಂದ ಹೊಡೆದ ಗೋಲು ಕ್ರೀಡಾಂಗಣವನ್ನು ಹಳದಿ ಕಡಲಾಗಿಸಿತ್ತು. ವಿರಾಮಕ್ಕೆ ಮೊದಲೇ ಹೆನ್ರಿಕ್ ಸೆರೆನೊ ಸಮಬಲ ಸಾಧಿಸಿದರು. ಹೆಚ್ಚುವರಿ ಸಮಯದಲ್ಲೂ ತೀರ್ಮಾನವಾಗದೆ ಪಂದ್ಯ ಪೆನಾಲ್ಟಿಗೆ ಹೋಯಿತು. ಬ್ಲಾಸ್ಟರ್ಸ್ ತಂಡದ ಸೆಡ್ರಿಕ್ ಹೆಂಗ್‌ಬಾರ್ಟ್ ಒದ್ದ ಚೆಂಡನ್ನು ಕೋಲ್ಕತದ ದೇಬ್‌ಜಿತ್ ಮಜುಂದಾರ್ ಕಾಲಿನಿಂದ ತಡೆದರು. ಮರುಕ್ಷಣ ಜುವೆಲ್ ರಾಜಾ ಗುರಿ ತಪ್ಪಲಿಲ್ಲ. ಕೋಲ್ಕತ 4-3ರಿಂದ ಗೆದ್ದಿತು.

ಆ ರಾತ್ರಿಯ ನಾಯಕನೆನಿಸಿದ ದೇಬ್‌ಜಿತ್ ಪಶ್ಚಿಮ ಬಂಗಾಳದವರು. ಅದೇ ತಂಡದ ಪಟ್ಟಿಯಲ್ಲಿ ಅವರಿಗಿಂತ ಹೆಚ್ಚು ವಯಸ್ಸಿನ, ಹೆಚ್ಚು ದೇಶ ಕಂಡ ಇನ್ನೊಬ್ಬ ಗೋಲ್‌ಕೀಪರ್ ಇದ್ದರು. ಅವರೇ 37 ವರ್ಷದ ಡ್ಯಾನಿ ಮಾಲ್ಯೊ. ಅವರು ಅಂದು ಕಣಕ್ಕಿಳಿಯಲಿಲ್ಲ.

ಮಾಲ್ಯೊ ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾ ಪ್ರಾಂತದವರು. ಅಲ್ಲಿನ ಹೆಸರಾಂತ ಕ್ಲಬ್ ಡಿಪೋರ್ಟಿವೊ ಲಾ ಕೊರುನ್ಯಾದಲ್ಲಿ ಬೆಳೆದರು. ಆ ಕ್ಲಬ್ಬು ಯುರೋಪಿನ ದೊಡ್ಡ ತಂಡಗಳನ್ನು ನಡುಗಿಸುತ್ತಿದ್ದ ಕಾಲವದು. ಆದರೆ ಗೋಲಿನ ಜಾಗ ಸ್ಪೇನ್ ರಾಷ್ಟ್ರೀಯ ತಂಡಕ್ಕೂ ಆಡಿದ್ದ ಹೊಸೆ ಮೊಲಿನಾ ಅವರದಾಗಿತ್ತು. ಊರಿನ ಹುಡುಗನಿಗೆ ಅವಕಾಶಗಳು ಬೆರಳೆಣಿಕೆಯಷ್ಟೇ ದೊರೆತವು. ಹಾಗಾಗಿ ಅವರು ಪೋರ್ಚುಗಲ್ಲಿನ ಬ್ರಾಗಾ ತಂಡಕ್ಕೆ ಹೋದರು. ಅಲ್ಲಿಯೂ ಹೆಚ್ಚಾಗಿ ಕಾಯುವುದೇ ಆಯಿತು. 2008ರಲ್ಲಿ ಸ್ಕಾಟ್ಲೆಂಡಿನ ಫಾಲ್ಕರ್ಕ್ ಎಂಬ ಸಾಧಾರಣ ಪಟ್ಟಣದ ಕ್ಲಬ್ಬು ಅವರನ್ನು ಕರೆಸಿಕೊಂಡಿತು.

ಫಾಲ್ಕರ್ಕ್ ಅವರಿಗೆ ಜೀವನದ ದೊಡ್ಡ ಪಂದ್ಯವನ್ನು ಕೊಟ್ಟಿತು. 2009ರ ಮೇ 30ರಂದು ಗ್ಲಾಸ್ಗೋದ ಹ್ಯಾಂಪ್‌ಡನ್ ಪಾರ್ಕಿನಲ್ಲಿ ಸ್ಕಾಟಿಷ್ ಕಪ್ ಅಂತಿಮ ಪಂದ್ಯ. ಎದುರಾಳಿ ಬಲಾಢ್ಯ ರೇಂಜರ್ಸ್. ಫಾಲ್ಕರ್ಕ್ ತಂಡದ ಗೋಲಿನಲ್ಲಿ ಮಾಲ್ಯೊ ನಿಂತಿದ್ದರು. ವಿರಾಮದ ಬಳಿಕ ಬದಲಿಯಾಗಿ ಬಂದ ರೇಂಜರ್ಸ್ ಆಟಗಾರನೊಬ್ಬನು ಕೆಲವೇ ಕ್ಷಣಗಳಲ್ಲಿ ದೂರದಿಂದ ಹೊಡೆದ ಚೆಂಡು ಗೋಲಿನೊಳಗೆ ಬಿತ್ತು. ಪಂದ್ಯದ ಏಕೈಕ ಗೋಲು ಅದು. ಹೊಡೆದವರು ನಾಚೊ ನೋವೊ, ಗಲೀಸಿಯಾದವರೇ. ಒಂದೇ ಪ್ರಾಂತದ ಇಬ್ಬರು ಹೊಟ್ಟೆಪಾಡಿಗಾಗಿ ಉತ್ತರದ ಚಳಿನಾಡಿಗೆ ಹೋಗಿ ಎದುರುಬದುರಾದರು. ಒಬ್ಬರಿಗೆ ಕಪ್ಪು, ಇನ್ನೊಬ್ಬರಿಗೆ ಮತ್ತೆ ತಾಯ್ನಾಡಿನ ಹಾದಿ. ಮಾಲ್ಯೊ ಸ್ಪೇನಿಗೆ ಮರಳಿ ಎರಡನೆಯ ದರ್ಜೆಯ ಲೀಗಿನಲ್ಲಿ ದುಡಿದರು.

ಅಂಥವರು ಕೋಲ್ಕತಕ್ಕೆ ಬಂದುದು ಆಕಸ್ಮಿಕವಲ್ಲ. ಆ ಕ್ಲಬ್ಬಿಗೆ ಅಟ್ಲೆಟಿಕೊ ಮ್ಯಾಡ್ರಿಡ್‌ನ ಪಾಲುಗಾರಿಕೆ ಇತ್ತು. 2015ರಲ್ಲಿ ಹುವಾನ್ ಕಲತಾಯುದ್ ಎಂಬ ಸ್ಪೇನಿನ ಗೋಲ್‌ಕೀಪರರು ಅಲ್ಲಿ ಇದ್ದರು. 2016ರಲ್ಲಿ ತರಬೇತುದಾರರಾಗಿ ಬಂದವರು, ಡಿಪೋರ್ಟಿವೊದಲ್ಲಿ ಮಾಲ್ಯೊ ಯಾರ ಹಿಂದೆ ಕಾದಿದ್ದರೋ ಆ ಮೊಲಿನಾ ಅವರೇ.

ಕಾಯುವುದೆಂದರೇನು ಎಂಬುದು ಮೊಲಿನಾ ಅವರಿಗೂ ತಿಳಿಯದ ವಿಷಯವಲ್ಲ. 1996ರ ಏಪ್ರಿಲಿನಲ್ಲಿ ಓಸ್ಲೋದಲ್ಲಿ ನಾರ್ವೆಯ ವಿರುದ್ಧ ಅವರು ಸ್ಪೇನಿನ ಪರ ಮೊದಲ ಬಾರಿಗೆ ಕಣಕ್ಕಿಳಿದುದು ಗೋಲ್‌ಕೀಪರನಾಗಿ ಅಲ್ಲ. ಬದಲಿ ಆಟಗಾರರು ಮುಗಿದುಹೋಗಿದ್ದರಿಂದ ಎಡಬದಿಯ ಮುಂಚೂಣಿಯಲ್ಲಿ ಆಡಿದರು. 2000ದ ಯುರೋ ಕಪ್ಪಿನಲ್ಲಿ ಮತ್ತೆ ನಾರ್ವೆಯೇ ಎದುರಾದಾಗ ಅವರ ಒಂದು ತಪ್ಪು ಹೆಜ್ಜೆ ಗೋಲಾಯಿತು, ಸ್ಪೇನ್ ಸೋತಿತು, ಮುಂದಿನ ಪಂದ್ಯಕ್ಕೆ ಇನ್ನೊಬ್ಬರು ಬಂದರು. 2002ರಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಚಿಕಿತ್ಸೆ ಪಡೆದು ಮರುವರ್ಷ ಮೈದಾನಕ್ಕೆ ಮರಳಿದರು. ಹೀಗೆ ಕಳೆದುಕೊಂಡೂ ಪಡೆದೂ ಬಂದವರ ಕೈಗೆ ಆಯ್ಕೆಯ ಅಧಿಕಾರ ಬಂದಾಗ ಅವರು ಹಳೆಯ ಒಡನಾಡಿಗೆ ತಂಡದಲ್ಲಿ ಜಾಗ ಕೊಟ್ಟರು, ಗೋಲಿನ ಜಾಗವನ್ನು ದೇಬ್‌ಜಿತ್ ಅವರಿಗೆ ಒಪ್ಪಿಸಿದರು.

ಇದರ ಹಿಂದೆ ಲೀಗಿನ ನಿಯಮವೂ ಇತ್ತು. ಆಗ ಮೈದಾನದಲ್ಲಿ ಒಂದು ತಂಡಕ್ಕೆ ಹೆಚ್ಚೆಂದರೆ ಆರು ವಿದೇಶಿಯರಿಗೆ ಅವಕಾಶ. ಗೋಲಿನಲ್ಲಿ ವಿದೇಶಿಯನ್ನು ನಿಲ್ಲಿಸಿದರೆ ಗೋಲು ಹೊಡೆಯುವ ಒಬ್ಬ ವಿದೇಶಿಯನ್ನು ಕಡಿಮೆ ಮಾಡಬೇಕು. 2017ರಲ್ಲಿ ಈ ಸಂಖ್ಯೆ ಐದಕ್ಕೆ, 2021ರಲ್ಲಿ ನಾಲ್ಕಕ್ಕೆ ಇಳಿಯಿತು. ಇರುವ ನಾಲ್ಕು ಜಾಗಗಳಲ್ಲಿ ಒಂದನ್ನು ಗೋಲ್‌ಕೀಪರನಿಗೆ ವೆಚ್ಚ ಮಾಡಲು ಯಾವ ತರಬೇತುದಾರನೂ ಸುಲಭವಾಗಿ ಒಪ್ಪುವುದಿಲ್ಲ. ಬ್ಲಾಸ್ಟರ್ಸ್ ತಂಡದಲ್ಲಿ ಒಮ್ಮೆ ಇಂಗ್ಲೆಂಡಿನ ಡೇವಿಡ್ ಜೇಮ್ಸ್ ನಿಂತಿದ್ದ ಗೋಲಿನಲ್ಲಿ ಈಗ ಭಾರತೀಯ ಹುಡುಗರು ನಿಲ್ಲುತ್ತಿರುವುದಕ್ಕೆ ಇದೂ ಒಂದು ಕಾರಣ. ಮಾಲ್ಯೊ ಅವರಂಥವರಿಗೆ ಮುಚ್ಚಿದ ಬಾಗಿಲು ಈ ನಾಡಿನವರಿಗೆ ತೆರೆದುಕೊಂಡಿತು.

ಇದೇ ಹೊತ್ತಿಗೆ ಭಾರತದ ಗೋಲ್‌ಕೀಪರರೊಬ್ಬರು ವಿರುದ್ಧ ದಿಕ್ಕಿನಲ್ಲಿ ಪ್ರಯಾಣ ಮಾಡಿದ್ದರು. ಪಂಜಾಬಿನ ಗುರ್‌ಪ್ರೀತ್ ಸಿಂಗ್ ಸಂಧು ಈಸ್ಟ್ ಬೆಂಗಾಲ್ ತಂಡವನ್ನು ಬಿಟ್ಟು 2014ರಲ್ಲಿ ನಾರ್ವೆಯ ಸ್ತಾಬೆಕ್ ಕ್ಲಬ್ಬನ್ನು ಸೇರಿದರು. ಮೂರು ವರ್ಷಗಳಲ್ಲಿ ಅಲ್ಲಿ ಅವರಿಗೆ ದೊರೆತ ಪಂದ್ಯಗಳು ಕೆಲವೇ. 2016ರ ಜೂನ್ 30ರಂದು ವೇಲ್ಸಿನ ಕ್ಲಬ್ಬೊಂದರ ವಿರುದ್ಧ ಯುರೋಪಾ ಲೀಗಿನ ಅರ್ಹತಾ ಪಂದ್ಯದಲ್ಲಿ ಆಡಿ, ಆ ಸ್ಪರ್ಧೆಯಲ್ಲಿ ಆಡಿದ ಮೊದಲ ಭಾರತೀಯರೆನಿಸಿದರು. ಅಂದೂ ಗಾಯದಿಂದಾಗಿ ಪಂದ್ಯದ ನಡುವೆಯೇ ಹೊರಬರಬೇಕಾಯಿತು. ಲೆಕ್ಕದ ಪುಸ್ತಕ ನೋಡಿದರೆ ಆ ಮೂರು ವರ್ಷಗಳು ವ್ಯರ್ಥವೆನ್ನಬೇಕು. ಆದರೆ 2017ರಲ್ಲಿ ಬೆಂಗಳೂರು ಎಫ್‌ಸಿ ಸೇರಿದ ಗುರ್‌ಪ್ರೀತ್ 2019ರಲ್ಲಿ ಆ ತಂಡ ಲೀಗನ್ನು ಗೆದ್ದಾಗ ಗೋಲಿನಲ್ಲಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೋಹಾದಲ್ಲಿ ಏಷ್ಯಾದ ಚಾಂಪಿಯನ್ ಕತಾರ್ ತಂಡವನ್ನು ಭಾರತದ ನಾಯಕನಾಗಿ ಗೋಲಿಲ್ಲದೆ ತಡೆದರು. 2023ರ ಸ್ಯಾಫ್ ಕಪ್ ಅಂತಿಮ ಪಂದ್ಯದಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕುವೈತಿನ ಕೊನೆಯ ಪೆನಾಲ್ಟಿಯನ್ನು ಹಿಡಿದು ಕಪ್ಪನ್ನು ಉಳಿಸಿದರು. ಓಸ್ಲೋ ಸಮೀಪದ ಅಭ್ಯಾಸದ ಮೈದಾನದಲ್ಲಿ, ಯಾರೂ ನೋಡದ ಬೆಳಗುಗಳಲ್ಲಿ ನಡೆದ ಕೆಲಸವನ್ನು ಯಾವ ಅಂಕಿಅಂಶವೂ ದಾಖಲಿಸಿಲ್ಲ.

2025ರ ಏಪ್ರಿಲ್ 12ರಂದು ಕೋಲ್ಕತದಲ್ಲಿ ಈ ಎರಡು ದಾರಿಗಳು ಕೂಡಿದವು. ಮೋಹನ್ ಬಗಾನ್ ತಂಡದ ತರಬೇತುದಾರರಾಗಿ ಮೊಲಿನಾ, ಎದುರಾಳಿ ಬೆಂಗಳೂರಿನ ಗೋಲಿನಲ್ಲಿ ಗುರ್‌ಪ್ರೀತ್. ಹೆಚ್ಚುವರಿ ಸಮಯದಲ್ಲಿ ಬಗಾನ್ 2-1ರಿಂದ ಗೆದ್ದಿತು. ಮೊಲಿನಾ ಅವರ ಗೋಲಿನಲ್ಲಿ ಅಂದೂ ಒಬ್ಬ ಭಾರತೀಯರೇ ಇದ್ದರು, ವಿಶಾಲ್ ಕೈತ್.

ಕಲ್ಪೆಟ್ಟದ ಕನ್ನಡ ಮನೆಗಳಿಗೆ ಕೊಚ್ಚಿಯೂ ಬೆಂಗಳೂರೂ ಹೆಚ್ಚುಕಡಿಮೆ ಒಂದೇ ದೂರ. ಚುರದ ಒಂಬತ್ತು ತಿರುವು ಇಳಿದರೆ ಹಳದಿ ಅಂಗಿಯ ಊರು, ಮುತ್ತಂಗ, ಗುಂಡ್ಲುಪೇಟೆ ದಾಟಿದರೆ ನೀಲಿ ಅಂಗಿಯ ಊರು. ಎರಡೂ ಕಡೆಯವರು ಒಬ್ಬನೇ ಸ್ಪೇನಿನವನ ತಂಡದೆದುರು ಸೋತದ್ದನ್ನು ನೆನೆದು ನಗಬಹುದು. ನಗುವಿನಾಚೆಗೆ ಯೋಚಿಸಬೇಕಾದ ಸಂಗತಿಯೂ ಇದೆ. ವಯನಾಡಿನ ಕನ್ನಡ ಮೂಲದ ಜೈನ ಸಮುದಾಯದಿಂದ ಬಂದು ಲೋಕಸಭೆಯ ಸದಸ್ಯರೂ ಆಗಿದ್ದ ಎಂ. ಕೆ. ಜಿನಚಂದ್ರನ್ ಅವರ ಹೆಸರಿನ ಜಿಲ್ಲಾ ಕ್ರೀಡಾಂಗಣ ಇಂದು ಕಲ್ಪೆಟ್ಟದ ಮರವಯಲಿನಲ್ಲಿದೆ. ಅಂಬಲವಯಲಿನ ಸುಶಾಂತ್ ಮ್ಯಾಥ್ಯೂ 2014ರ ಉಪಾಂತ್ಯದಲ್ಲಿ ಬ್ಲಾಸ್ಟರ್ಸ್ ಪರ ಹೊಡೆದ ಗೋಲನ್ನು ಇಲ್ಲಿನ ಮಕ್ಕಳೆಲ್ಲ ಅನುಕರಿಸಬಯಸುತ್ತಾರೆ. ಗೋಲಿನಲ್ಲಿ ನಿಲ್ಲುವ ಸರದಿ ಮಾತ್ರ ಎಲ್ಲ ಊರುಗಳಲ್ಲಿರುವಂತೆ ಓಡಲಾರದವನಿಗೆ, ಇಲ್ಲವೇ ಎಲ್ಲರಿಗಿಂತ ಕಿರಿಯವನಿಗೆ ಬರುತ್ತದೆ.

ಅಲ್ಲಿ ಇಷ್ಟಪಟ್ಟು ನಿಲ್ಲುವ ಮಗುವಿದ್ದರೆ, ಅದನ್ನು ಕೋಝಿಕ್ಕೋಡಿಗೋ ಬೆಂಗಳೂರಿಗೋ ಕಳುಹಿಸುವ ಮುನ್ನ ಹೆತ್ತವರು ತರಬೇತಿ ಕೇಂದ್ರದವರನ್ನು ಮೂರು ವಿಷಯ ಕೇಳುವುದು ಒಳ್ಳೆಯದು. ಗೋಲ್‌ಕೀಪರರಿಗೆ ಪ್ರತ್ಯೇಕ ತರಬೇತುದಾರರು ಇದ್ದಾರೆಯೇ? ಅದೇ ವಯೋಮಾನದಲ್ಲಿ ಎಷ್ಟು ಗೋಲ್‌ಕೀಪರರು ಇದ್ದಾರೆ? ಎರಡನೆಯ, ಮೂರನೆಯ ಸ್ಥಾನದವರಿಗೆ ವರ್ಷಕ್ಕೆ ಎಷ್ಟು ಪಂದ್ಯ ದೊರೆಯುತ್ತದೆ? ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಸಾಮಾನ್ಯವಾಗಿ ಥಟ್ಟನೆ ಬರುತ್ತದೆ. ಮೂರನೆಯದಕ್ಕೆ ಯಾರು ತಡವರಿಸುತ್ತಾರೋ ಅಲ್ಲಿ ಮಗು ವರ್ಷಗಟ್ಟಲೆ ಬೆಂಚಿನ ಮೇಲೆ ಕೂರಬೇಕಾದೀತೆಂದು ತಿಳಿದೇ ಕಳುಹಿಸಬೇಕು.