ಸಮೀರವಾಡಿಯ ಸರತಿ ಸಾಲಿನವರಲ್ಲಿ ಒಂದು ಅರಿಕೆ

ಜಮಖಂಡಿ, ಮುಧೋಳ, ಬೀಳಗಿ ಸೀಮೆಗಳಿಂದ ಕಬ್ಬಿನ ಹಂಗಾಮಿನಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಬಂದು ಟ್ರ್ಯಾಕ್ಟರುಗಳ ಸಾಲಿನಲ್ಲಿ ಇರುಳು ಕಳೆಯುವ ಬಂಧುಗಳೇ, ರಬಕವಿ-ಬನಹಟ್ಟಿಯ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಮುಪ್ಪಾದ ಹಿರಿಯರೇ, ಮೂವತ್ತು ವರ್ಷ ಕಾಟಾದ ಬಳಿ ಕುಳಿತು ನಿಮ್ಮ ಗಾಡಿಗಳ ತುಂಬಿದ ತೂಕವನ್ನೂ ಖಾಲಿ ತೂಕವನ್ನೂ ಬರೆದು ನಿವೃತ್ತನಾದ ಗುಮಾಸ್ತನೊಬ್ಬನು ಈ ಅರಿಕೆಯನ್ನು ಮಾಡಿಕೊಳ್ಳುತ್ತಿದ್ದಾನೆ. ಇಳುವರಿ, ಬಿಲ್ಲಿನ ಬಾಕಿ, ಮಂಡಿನೋವು, ಸಕ್ಕರೆ ಬೇನೆ ಇವೆಲ್ಲವನ್ನೂ ಆ ಸಾಲಿನಲ್ಲಿ ನಿಂತು ಮುಕ್ತಕಂಠದಿಂದ ಮಾತಾಡುವ ನಾವು, ನಡುವಿನ ಕೆಳಗಣ ಬೇನೆಯೊಂದನ್ನು ಮಾತ್ರ ಧೋತರದೊಳಗೆ ಮುಚ್ಚಿಕೊಂಡೇ ಮನೆಗೆ ಮರಳುತ್ತೇವೆ.

ನಾನೂ ಎರಡು ವರ್ಷ ಮುಚ್ಚಿಟ್ಟೆನು. "ರಾತ್ರಿ ನಾಕ ಸಲ ಏಳ್ತೀರಿ, ದವಾಖಾನಿಗೆ ತೋರಸ್ರಿ" ಎಂದು ಮನೆಯವಳು ಹೇಳಿದಾಗಲೆಲ್ಲ ವಯೋಧರ್ಮವೆಂದು ಆಕೆಯ ಬಾಯಿ ಮುಚ್ಚಿಸಿದೆನು. ಅದು ಅರ್ಧ ನಿಜವೇ. ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಸುತ್ತುವರಿದಿರುವ, ನೆಲ್ಲಿಕಾಯಿ ಗಾತ್ರದ ಪ್ರಾಸ್ಟೇಟ್ ಗ್ರಂಥಿಯು ವಯಸ್ಸಾದಂತೆ ಹಿಗ್ಗಿ, ಹೂಳು ತುಂಬಿದ ತೂಬಿನಂತೆ ಧಾರೆಯನ್ನು ಸಣ್ಣದು ಮಾಡುವುದು ಸಾಮಾನ್ಯ. ಬಹುಪಾಲು ಅದು ಕ್ಯಾನ್ಸರಲ್ಲ. ಆದರೆ ಅದೇ ಗ್ರಂಥಿಯಲ್ಲಿ ಕ್ಯಾನ್ಸರು, ಆರಂಭದಲ್ಲಿ ಯಾವ ಲಕ್ಷಣವನ್ನೂ ತೋರದೆ, ಬೆಳೆಯಬಲ್ಲುದು. ಅದು ಎಲುಬಿಗಿಳಿದ ಮೇಲೂ ಸೊಂಟನೋವೆಂದು ಎಣ್ಣೆ ತಿಕ್ಕಿಸಿಕೊಳ್ಳುತ್ತ ಕುಳಿತವರನ್ನು ನಾನು ಬಲ್ಲೆನು.

ಒಂದು ನಡುರಾತ್ರಿ ಉಚ್ಚೆ ಕಟ್ಟಿ ಮಹಾಲಿಂಗಪುರಕ್ಕೆ ಓಡಬೇಕಾಯಿತು. ಆ ಬಾಧೆ ಇಳಿದು ಕೆಲವು ವಾರಗಳ ಮೇಲೆ ರಕ್ತಪರೀಕ್ಷೆಯಾಯಿತು. ಆ ಗ್ರಂಥಿಯ ಸ್ಥಿತಿಯನ್ನು ಸೂಚಿಸುವ, ಸಾಮಾನ್ಯವಾಗಿ ನಾಲ್ಕರೊಳಗಿರಬೇಕಾದ ಪಿ.ಎಸ್.ಎ. ಅಂಕಿ 14.6 ಇತ್ತು. ಸೋಂಕಿನಿಂದಲೂ ಗ್ರಂಥಿಯ ಹಿಗ್ಗುವಿಕೆಯಿಂದಲೂ ಆ ಅಂಕಿ ಏರುವುದುಂಟಾದುದರಿಂದ, ಸೂಜಿಯಿಂದ ಚೂರು ತೆಗೆದು ಬಯಾಪ್ಸಿ ಮಾಡಿದರು. ಕ್ಯಾನ್ಸರೇ ಎಂದು ತಿಳಿಯಿತು. ಅದರ ಉಗ್ರತೆಯನ್ನು ಹೇಳುವ, ಗ್ಲೀಸನ್ ಎಂಬ ಅಮೆರಿಕದ ವೈದ್ಯನ ಹೆಸರಿನ, ಆರರಿಂದ ಹತ್ತರವರೆಗಿನ ಅಳತೆಯಲ್ಲಿ ನನ್ನದು ಏಳು. ಶಸ್ತ್ರಕ್ರಿಯೆಯೇ ಎಲ್ಲರಿಗೂ ಗತಿಯೆಂದು ಹೆದರಬೇಡಿರಿ. ಆರರವರನ್ನು ಎಷ್ಟೋ ವೇಳೆ ಬರಿಯ ಕಣ್ಗಾವಲಿನಲ್ಲಿಡುತ್ತಾರೆ, ಕೆಲವರಿಗೆ ವಿಕಿರಣ ಸಾಕಾಗುತ್ತದೆ.

ನನಗೆ ಮಾತ್ರ ಶಸ್ತ್ರಕ್ರಿಯೆಯೇ ಆಯಿತು. ಅದರ ನಾಲ್ಕು ತಾಸು ನನ್ನ ಪಾಲಿಗೆ ನಿದ್ರೆ. ಗ್ರಂಥಿಯನ್ನು ಸಮೂಲವಾಗಿ ತೆಗೆದು ಮೂತ್ರಕೋಶವನ್ನು ನಾಳಕ್ಕೆ ಹೊಲಿದ ಸಂಧಿ ಕೂಡುವವರೆಗೆ, ಹನ್ನೆರಡು ದಿನ, ಪೈಪೂ ಚೀಲವೂ ತೊಡೆಗೆ ಅಂಟಿಕೊಂಡಿದ್ದವು. ಪೈಪು ತೆಗೆದ ಮೇಲೆಯೇ ನಿಜವಾದ ಪರೀಕ್ಷೆ: ಎದ್ದರೆ ಸೋರಿಕೆ, ಕೆಮ್ಮಿದರೆ ಸೋರಿಕೆ. ಕಾಟಾದ ಹಳೆಯ ಚಟ ಬಿಡದೆ, ನೋಟುಬುಕ್ಕಿನಲ್ಲಿ ಗೆರೆ ಹೊಡೆದು ದಿನಕ್ಕೆಷ್ಟು ಪ್ಯಾಡ್ ಎಂದು ಬರೆಯತೊಡಗಿದೆನು. ಮೊದಲ ವಾರ ಆರು, ಎರಡನೆಯ ತಿಂಗಳು ಮೂರು, ಯುಗಾದಿಯ ಹೊತ್ತಿಗೆ ಒಂದು. ಮೂತ್ರ ತಡೆಯುವ ಸ್ನಾಯುವನ್ನು ಬಿಗಿಹಿಡಿದು, ಎಣಿಸಿ, ಸಡಿಲಿಸುವ ವ್ಯಾಯಾಮವನ್ನು ದಿನಕ್ಕೆ ಮೂರು ಹೊತ್ತು ಮಾಡಿದುದರ ಫಲವಿದು. ಆರು ವಾರಗಳ ಮೇಲಿನ ಪಿ.ಎಸ್.ಎ. 0.1ಕ್ಕಿಂತ ಕೆಳಗೆ, ಖಾಲಿ ಗಾಡಿಯ ತೂಕ! ದಾಂಪತ್ಯದ ಶಕ್ತಿ ಮಾತ್ರ ಮೊದಲಿನಂತೆ ಮರಳಲಿಲ್ಲ. ಅದನ್ನು ಮನೆಯವಳೊಡನೆ ಬಾಯಿಬಿಟ್ಟು ಆಡಲು ನನಗೆ ಶಸ್ತ್ರಕ್ರಿಯೆಗಿಂತ ಹೆಚ್ಚು ಧೈರ್ಯ ಬೇಕಾಯಿತು.

ನಟ ಶಿವರಾಜಕುಮಾರರು 2024ರ ಡಿಸೆಂಬರಿನಲ್ಲಿ ಮಿಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡು, ಹೊಸವರ್ಷದ ದಿನವೇ ಪತ್ನಿಯೊಡನೆ ಕುಳಿತು ಅದನ್ನು ನಾಡಿಗೆಲ್ಲ ಹೇಳಿಕೊಂಡರು. ಅಷ್ಟು ದೊಡ್ಡವರು ಆಡಿದ ಮಾತನ್ನು ನಾವು ಸಾಲಿನಲ್ಲಿ ಆಡಲಾರೆವೇ? ಐವತ್ತು ದಾಟಿದವರು, ತಂದೆಗೋ ಅಣ್ಣತಮ್ಮಂದಿರಿಗೋ ಪ್ರಾಸ್ಟೇಟ್ ಕ್ಯಾನ್ಸರಿದ್ದರೆ ನಲವತ್ತೈದಕ್ಕೇ, ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿರಿ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ, ಬೆಂಗಳೂರಿನ ಕಿದ್ವಾಯಿ 1973ರಿಂದ ನಡೆದುಬಂದಿದೆ, ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವುಂಟು.

ನಗರಸಭೆ, ಪಂಚಾಯಿತಿಗಳವರಲ್ಲಿ ಇನ್ನೊಂದು ಬೇಡಿಕೆ, ಸಣ್ಣದು. ತಪಾಸಣೆಗೆಂದು ಹೋದ ದಿನ ಬಸ್ ನಿಲ್ದಾಣವೊಂದರ ಗಂಡಸರ ಶೌಚಾಲಯದಲ್ಲಿ ಒದ್ದೆ ಪ್ಯಾಡನ್ನು ಬಿಚ್ಚಿ ಹಿಡಿದುಕೊಂಡು ನಿಂತೆನು, ಹಾಕಲು ತಾವಿರಲಿಲ್ಲ. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಬುತ್ತಿಯ ಚೀಲದಲ್ಲಿಟ್ಟು, ಊರವರೆಗೆ ತೊಡೆಯ ಮೇಲೆ ಹೊತ್ತು ತಂದೆನು. ಗಂಡಸರ ಕಡೆಗೂ ಒಂದು ಡಬ್ಬಿಯನ್ನಿಡಿಸಿರಿ, ಮುಚ್ಚಳವಿದ್ದರೆ ಸಾಕು.